ಸೆನ್ಸರ್ ಎಸೆಯುವ ಮೊದಲು ಕಿಲುಬು ನೋಡಿ

ಪೆಟ್ರೋಲ್ ಕಾರು ಕಪ್ಪು ಹೊಗೆ ಉಗುಳುತ್ತದೆ, ಮೈಲೇಜ್ ಕುಸಿದಿದೆ, ಬಿಸಿ ಎಂಜಿನ್ ಮತ್ತೆ ಚಾಲೂ ಆಗಲು ಸತಾಯಿಸುತ್ತದೆ. ಕೂಡಲೇ ಸ್ಪಾರ್ಕ್ ಪ್ಲಗ್ ಬದಲಾಗುತ್ತದೆ, ಇಂಜೆಕ್ಟರ್ ತೊಳೆಸಿಕೊಳ್ಳುತ್ತದೆ, ಕೊನೆಗೆ ಪೆಟ್ರೋಲಿನ ಮೇಲೆ ಗೂಬೆ ಕೂರುತ್ತದೆ. ಏನನ್ನೂ ಅಳೆಯದೆ ಬಿಡಿಭಾಗ ಬದಲಿಸುವ ಈ ಚಾಳಿ ನಿಲ್ಲಬೇಕು. ಇದಕ್ಕೆಲ್ಲ ಕಾರಣ ಎಂಜಿನ್ನಿನ ಬಿಸಿ ಅಳೆಯುವ ಸೆನ್ಸರ್, ಇಲ್ಲವೇ ಅದರ ಕನೆಕ್ಟರಿಗೆ ಹಿಡಿದ ಕಿಲುಬೂ ಆಗಿರಬಹುದು.

ತಣ್ಣಗಿನ ಎಂಜಿನ್ನಿನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗದು. ಹಾಗಾಗಿ ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಆಗ ಹೆಚ್ಚು ಪೆಟ್ರೋಲ್ ಚಿಮ್ಮಿಸುತ್ತದೆ. ಎಂಜಿನ್ ಎಷ್ಟು ಬಿಸಿಯಾಗಿದೆ ಎಂದು ಅದಕ್ಕೆ ತಿಳಿಸುವುದು ಕೂಲೆಂಟಿನಲ್ಲಿ (ಎಂಜಿನ್ ತಣಿಸುವ ದ್ರವ) ಮುಳುಗಿರುವ ಥರ್ಮಿಸ್ಟರ್, ಅಂದರೆ ಬಿಸಿಗೆ ತಕ್ಕಂತೆ ವಿದ್ಯುತ್ ರೋಧ ಬದಲಾಗುವ ಸೆನ್ಸರ್. ಲೋಹದ ತಂತಿ ಬಿಸಿಯಾದರೆ ಅದರ ವಿದ್ಯುತ್ ರೋಧ ಏರುತ್ತದೆ, ಈ ಬಗೆಯ ಥರ್ಮಿಸ್ಟರಿನಲ್ಲಿ ಇಳಿಯುತ್ತದೆ. ಈ ತಿರುಗುಮುರುಗು ಗುಣವನ್ನು ಮೈಕೆಲ್ ಫ್ಯಾರಡೆ 1833ರಲ್ಲೇ ಬೆಳ್ಳಿಯ ಸಲ್ಫೈಡಿನಲ್ಲಿ ಕಂಡಿದ್ದ. ಅರೆವಾಹಕದ (ಸೆಮಿಕಂಡಕ್ಟರ್) ಇಂದಿನ ಕಲ್ಪನೆಯೇ ಇಲ್ಲದ ಕಾಲವದು!

ಸೊಗಸಿರುವುದು ಈ ಇಳಿತದ ರೀತಿಯಲ್ಲಿ. ಬಹಳ ಬಳಕೆಯಲ್ಲಿರುವ ಒಂದು ಬಗೆಯ ಸೆನ್ಸರ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 2,500 ಓಮ್ (ರೋಧದ ಅಳತೆ) ತೋರಿಸುತ್ತದೆ, 40ರಲ್ಲಿ 1,200ರ ಆಸುಪಾಸು, 80ರಲ್ಲಿ ಬರೀ 320. ಈಗ ಕನೆಕ್ಟರಿನ ಪಿನ್ನಿಗೆ ಹಸಿರು ಕಿಲುಬು ಹಿಡಿದು 850 ಓಮ್ ಸೇರಿಕೊಂಡಿತೆನ್ನಿ. ಬೆಳಿಗ್ಗೆ ತಣ್ಣಗಿದ್ದಾಗ 2,500 ಓಮ್ 3,350 ಆಗುತ್ತದೆ. ಇಸಿಯು 20ರ ಬದಲು 13 ಡಿಗ್ರಿ ಎಂದುಕೊಳ್ಳುತ್ತದೆ. ಅಷ್ಟರಿಂದ ಯಾರಿಗೂ ಏನೂ ಗೊತ್ತಾಗದು. ಎಂಜಿನ್ 80ಕ್ಕೇರಿದಾಗ ಮಾತ್ರ 320 ಓಮ್ 1,170 ಆಗುತ್ತದೆ, ಇಸಿಯುಗೆ ಅದು 40 ಡಿಗ್ರಿಯಂತೆ ಕಾಣುತ್ತದೆ. ಕಿಲುಬು ಅಷ್ಟೇ, ತಪ್ಪು ಮಾತ್ರ 7 ಡಿಗ್ರಿಯಿಂದ 40ಕ್ಕೆ ಜಿಗಿಯಿತು! ಬಿಸಿ ಎಂಜಿನ್ನಿಗೆ ತಣ್ಣಗಿನ ಎಂಜಿನ್ನಿನ ಪ್ರಮಾಣದಲ್ಲಿ ಪೆಟ್ರೋಲ್ ಸುರಿಯುತ್ತದೆ. 40 ಡಿಗ್ರಿ ಅಸಾಧ್ಯವಾದ ಅಂಕಿಯಲ್ಲವಾದ್ದರಿಂದ ಎಚ್ಚರಿಕೆಯ ದೀಪ ಹೊತ್ತದೆಯೂ ಇರಬಹುದು. ದೀಪ ಹೊತ್ತಿಲ್ಲವೆಂದರೆ ಸೆನ್ಸರ್ ಸರಿಯಿದೆ ಎಂಬ ನಂಬಿಕೆ ಎಷ್ಟು ಪೊಳ್ಳು, ನೋಡಿ.

ಪರೀಕ್ಷೆ ಸುಲಭ. ಸೆನ್ಸರ್ ಎರಡು ತಂತಿಯದಾಗಿದ್ದರೆ ಎಂಜಿನ್ ನಿಲ್ಲಿಸಿ, ಇಗ್ನಿಷನ್ ಹಾಕಿ, ಸ್ಕ್ಯಾನರ್ (ಇಸಿಯುವಿನ ಅಂಕಿಗಳನ್ನು ಓದುವ ಸಾಧನ) ಜೋಡಿಸಿ ಸೆನ್ಸರಿನ ಕನೆಕ್ಟರ್ ಕಳಚಿ. ರೋಧ ಅನಂತವಾದಂತಾಗಿ ತಾಪದ ಅಂಕಿ ಸಾಮಾನ್ಯವಾಗಿ -40ಕ್ಕೆ ಬೀಳುತ್ತದೆ. (ಸೆಲ್ಸಿಯಸ್ ಮತ್ತು ಫ್ಯಾರನ್‌ಹೀಟ್ ಒಂದೇ ಅಂಕಿ ತೋರಿಸುವ ಏಕೈಕ ಬಿಂದುವೂ ಇದೇ.) ಇನ್ನು ಕಳಚಿದ ಕನೆಕ್ಟರಿನಲ್ಲಿ ಇಸಿಯು ಕಡೆಗೆ ಹೋಗುವ ಎರಡು ಪಿನ್ನುಗಳನ್ನು ತುಂಡು ತಂತಿಯಿಂದ ಜೋಡಿಸಿ: ಅಂಕಿ 120 ದಾಟಿದರೆ ತಂತಿ ಶುದ್ಧ, 50ರ ಆಸುಪಾಸಿನಲ್ಲೇ ನಿಂತರೆ ಹೆಚ್ಚುವರಿ ರೋಧ ತಂತಿಯಲ್ಲಿದೆ. ದೋಷ ಕಂಡೊಡನೆ ತಾನೇ ಒಂದು ಅಂಕಿ ಊಹಿಸಿಕೊಳ್ಳುವ ಇಸಿಯುಗಳೂ ಇವೆ. ಅಲ್ಲಿ ರೋಧವನ್ನು ನೇರವಾಗಿ ಅಳೆಯುವ ಮಲ್ಟಿಮೀಟರನ್ನೇ ನಂಬಬೇಕು.

ತಂತಿ ಸರಿಯಿದ್ದರೆ ಪಿನ್ನುಗಳನ್ನು ಉಜ್ಜಿ, ಬಿಸಿ ಎಂಜಿನ್ನಿನಲ್ಲಿ ಸೆನ್ಸರಿನ ರೋಧ ಅಳೆದು ತಯಾರಕರ ಕೋಷ್ಟಕಕ್ಕೆ ಹೋಲಿಸಿ. ಅದು ತಾಳೆಯಾಗದಿದ್ದಾಗ ಮಾತ್ರ ಹೊಸ ಸೆನ್ಸರ್ ತನ್ನಿ, ಕೂಲೆಂಟ್ ಪೂರ್ತಿ ತಣಿದ ಮೇಲೆ ಹಳೆಯದನ್ನು ಬಿಚ್ಚಿ.