ಹರಡುವಿಕೆಗೆ ಸೊನ್ನೆ ಕೊಟ್ಟರೂ ವಿಷ ಹರಡಿತು, ಯಾಕೆ?

ನದಿಗೆ ಬಿದ್ದ ವಿಷ ಹೇಗೆ ಸಾಗುತ್ತದೆ ಎಂದು ಲೆಕ್ಕ ಹಾಕುವ ಮಾದರಿ (ಮಾಡೆಲ್) ಕಲಿಯುವಾಗ ನಾನು ಹೆಚ್ಚು ಎಡವಿದ್ದು ಇಲ್ಲೇ. ಹೊಸಬರೂ ಇಲ್ಲೇ ಎಡವುತ್ತಾರೆ.

1986ರ ನವೆಂಬರ್ 1ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ಹತ್ತಿರ ರಾಸಾಯನಿಕ ಗೋದಾಮೊಂದಕ್ಕೆ ಬೆಂಕಿ ಬಿತ್ತು. ಬೆಂಕಿ ಆರಿಸಲು ಹಾಯಿಸಿದ ನೀರು ಕೀಟನಾಶಕಗಳನ್ನು ತೊಳೆದುಕೊಂಡು ರೈನ್ ನದಿ ಸೇರಿತು. ನದಿ ಕೆಂಪಾಯಿತು, ಹಾವುಮೀನುಗಳು ರಾಶಿ ರಾಶಿ ಸತ್ತವು. ವಿಷ ಯಾವಾಗ ಬರುತ್ತದೆ, ಎಷ್ಟು ಬರುತ್ತದೆ, ಎಷ್ಟು ಹೊತ್ತು ಇರುತ್ತದೆ? ಕೆಳಗಿನ ಊರುಗಳಿಗೆ ಬೇಕಾಗಿದ್ದು ಇಷ್ಟೇ. ಆಮೇಲೆ ಇದನ್ನೇ ಲೆಕ್ಕ ಹಾಕಲು ರೈನ್ ಎಚ್ಚರಿಕೆ ಮಾದರಿ ತಯಾರಾಯಿತು.

ಹರಿವು ವಿಷವನ್ನು ಹೊತ್ತೊಯ್ಯುತ್ತದೆ. ನಡುಹೊಳೆಯ ನೀರು ಜೋರು, ದಡದ್ದು ನಿಧಾನ. ಹಾಗಾಗಿ ವಿಷ ಉದ್ದಕ್ಕೆ ಹರಡುತ್ತಲೂ ಹೋಗುತ್ತದೆ. ಇದು ನಿಜವಾದ ಹರಡುವಿಕೆ.

ಈಗ ಕಾಗದ, ಪೆನ್ನು ತಗೊಳ್ಳಿ. ನದಿಯನ್ನು ಅಳಗುಳಿ ಮಣೆ ಅಂದುಕೊಳ್ಳಿ. ಒಂದೊಂದು ಗುಳಿ 100 ಮೀಟರ್ ಉದ್ದ, ನೀರಿನ ವೇಗ ಸೆಕೆಂಡಿಗೆ 0.5 ಮೀಟರ್. ಮೊದಲ ಗುಳಿಯಲ್ಲಿ 100 ಕಾಯಿ, ಅದೇ ವಿಷ. 200 ಸೆಕೆಂಡಿಗೆ ಒಂದು ಹೆಜ್ಜೆ ಇಟ್ಟರೆ ಅಷ್ಟೂ ಕಾಯಿ ಪಕ್ಕದ ಗುಳಿಗೆ ಹೋಗುತ್ತವೆ. ಸರಿ. ಹೆಜ್ಜೆಯನ್ನು 100 ಸೆಕೆಂಡಿಗೆ ಇಳಿಸಿ. ಅರ್ಧ ಮಾತ್ರ ಮುಂದೆ ಹೋಗುತ್ತವೆ: 50, 50. ಮುಂದಿನ ಹೆಜ್ಜೆಗೆ 25, 50, 25. ಮತ್ತೊಂದಕ್ಕೆ 12.5, 37.5, 37.5, 12.5.

ಹರಡುವಿಕೆಯನ್ನು ನಾವು ಹಾಕೇ ಇಲ್ಲ, ಅಲ್ವಾ? ಗುಳಿಗೆ ಬಿದ್ದದ್ದೆಲ್ಲ ಆ ಕ್ಷಣವೇ ಇಡೀ ಗುಳಿಯಲ್ಲಿ ಬೆರೆತುಹೋಯಿತು ಎಂದು ಲೆಕ್ಕ ನಂಬುತ್ತದೆ. ಅದರ ಫಲ ಇದು. ಹೆಸರು ನ್ಯೂಮರಿಕಲ್ ಡಿಫ್ಯೂಷನ್, ಅಂದರೆ ಲೆಕ್ಕವೇ ಹುಟ್ಟಿಸಿದ ಸುಳ್ಳು ಹರಡುವಿಕೆ. ವಿಷ ನಿಜಕ್ಕಿಂತ ಬೇಗ ತಲುಪಿದಂತೆ, ನಿಜಕ್ಕಿಂತ ತೆಳುವಾಗಿ ಕಾಣುತ್ತದೆ. ಕುಡಿಯುವ ನೀರು ಎತ್ತುವವರಿಗೆ ಈ ಎರಡನೆಯ ತಪ್ಪೇ ಜಾಸ್ತಿ ಅಪಾಯ.

ಗುಳಿಯನ್ನೂ ಹೆಜ್ಜೆಯನ್ನೂ ಹತ್ತರಲ್ಲೊಂದು ಮಾಡಿದರೆ ಸುಳ್ಳು ಹರಡುವಿಕೆಯೂ ಹತ್ತರಲ್ಲೊಂದಾಗುತ್ತದೆ. ಕೆಲಸ ಮಾತ್ರ ನೂರು ಪಟ್ಟು.

ಹೆಜ್ಜೆಯನ್ನೇ 400 ಸೆಕೆಂಡ್ ಮಾಡಿದರೆ? 200 ಕಾಯಿ ತೆಗೆಯಬೇಕು, ಇರುವುದೇ 100. ಅಲ್ಲಿ −100, ಪಕ್ಕದಲ್ಲಿ 200! ಕೂಡಿದರೆ ಮಾತ್ರ 100 ಸರಿಯಾಗೇ ಬರುತ್ತದೆ. ಮೊತ್ತ ತಾಳೆಯಾಯಿತೆಂದು ಸುಮ್ನೆ ನಂಬಿ ನಾನೊಮ್ಮೆ ಒಂದು ವಾರ ಕಳೆದಿದ್ದೇನೆ. ವೇಗವನ್ನು ಹೆಜ್ಜೆಯಿಂದ ಗುಣಿಸಿ ಗುಳಿಯ ಉದ್ದದಿಂದ ಭಾಗಿಸಿ. ಅದೇ ಕೂರಾಂಟ್ ಸಂಖ್ಯೆ. ಈ ವಿಧಾನದಲ್ಲಿ ಅದು 1 ದಾಟಬಾರದು.

ನಿಜವಾದ ಹರಡುವಿಕೆ ಎಷ್ಟು ಎಂದು ತಿಳಿಯಲು ನದಿಗೇ ಇಳಿಯಬೇಕು. ರೈನಿನಲ್ಲಿ ಬಣ್ಣ ಬಿಟ್ಟು, ಕೆಳಗೆ ಅಳೆದು, ಮಾದರಿಯ ಅಂಕಿಗಳನ್ನು ಹೊಂದಿಸಿದರು. ದಡದ ಮೂಲೆಗಳಲ್ಲಿ, ಬಂದರುಗಳಲ್ಲಿ ನಿಂತ ನೀರು ಬಣ್ಣವನ್ನು ಹಿಡಿದಿಟ್ಟು ಆಮೇಲೆ ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಅದಕ್ಕೇ ಗ್ರಾಫು ಬೇಗ ಏರಿ ನಿಧಾನವಾಗಿ ಇಳಿಯುತ್ತದೆ, ಉದ್ದನೆಯ ಬಾಲ ಬಿಟ್ಟುಕೊಂಡು. ನಮ್ಮ ಅಳಗುಳಿ ಮಣೆಯಲ್ಲಿ ಆ ಬಾಲ ಬರುವುದಿಲ್ಲ.