ಮೈಲಿನ್ ಹೋದರೆ ಏನಾಗುತ್ತೆ, ಆಕ್ಸಾನ್ ಹೋದರೆ ಏನಾಗುತ್ತೆ

ಶಿವಮೊಗ್ಗದಲ್ಲಿ ನನ್ನ ಜೊತೆ ನರ್ಸಿಂಗ್, ಫಿಸಿಯೋಥೆರಪಿ ಓದುತ್ತಿರುವವರಿಗೆ ಈ ಟಿಪ್ಪಣಿ. ಎರಡು ಬಗೆಯ ಹಾನಿಯನ್ನೂ ಸುಮ್ನೆ ‘ನರ ಹಾಳಾಗಿದೆ’ ಅಂತ ಬರೆದುಬಿಡುತ್ತೇವೆ. ಬೇರೆ ಬೇರೆಯಾಗಿ ನೋಡಿದರೆ ಮಾತ್ರ ರೋಗಿ ಹೇಳುವುದು ಅರ್ಥವಾಗುತ್ತದೆ.

ಆಕ್ಸಾನ್ ಅಂದರೆ ನರಕೋಶದಿಂದ ಹೊರಟ ಉದ್ದನೆಯ ಎಳೆ. ಅದಕ್ಕೆ ಸುತ್ತಿಕೊಂಡ ಕೊಬ್ಬಿನ ಪದರಗಳೇ ಮೈಲಿನ್. ಮಿದುಳು, ಬೆನ್ನುಹುರಿಯಲ್ಲಿ ಇದನ್ನು ಸುತ್ತುವುದು ಒಲಿಗೋಡೆಂಡ್ರೋಸೈಟ್ ಎಂಬ ಕೋಶ. ಒಂದೊಂದು ಕೋಶ ಹತ್ತಾರು ಕಡೆ ಸುತ್ತುತ್ತದೆ, ಹಾಗಾಗಿ ಒಂದು ಸತ್ತರೂ ಪೆಟ್ಟು ಹಲವು ಎಳೆಗಳಿಗೆ. ಮೈಲಿನ್ ಇಲ್ಲದ ಎಳೆಯಲ್ಲಿ ಸಂದೇಶ ಸೆಕೆಂಡಿಗೆ 0.5ರಿಂದ 2 ಮೀಟರ್ ಹೋಗುತ್ತದೆ. ದಪ್ಪ ಮೈಲಿನ್ ಇದ್ದರೆ 100 ಮೀಟರ್ ದಾಟಬಹುದು. ವೈರಿನ ಮೇಲಿನ ಪ್ಲಾಸ್ಟಿಕ್ ಇದ್ದ ಹಾಗೆ ಅಂತ ಹೇಳಿಕೊಡುತ್ತಾರಲ್ವಾ, ಅದು ಅರ್ಧ ಮಾತ್ರ ಸರಿ. ಮೈಲಿನ್ ಸುತ್ತುವ ಕೋಶ ಆಕ್ಸಾನ್‌ಗೆ ಲ್ಯಾಕ್ಟೇಟ್ ಎಂಬ ಆಹಾರ ಒದಗಿಸಿ ಸಾಕುತ್ತದೆ ಕೂಡ.

ಈಗ ತೀರ್ಥಹಳ್ಳಿ ಕಡೆಯ ಒಂದು ಮನೆ ಅಂದುಕೊಳ್ಳಿ. ಜೋರು ಮಳೆ, ಬಚ್ಚಲಲ್ಲಿ ಹಂಡೆ ತುಂಬ ಬಿಸಿನೀರು. ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್, ದೇಹದ ರೋಗನಿರೋಧಕ ವ್ಯವಸ್ಥೆಯೇ ಮೈಲಿನ್ ಮೇಲೆ ದಾಳಿ ಮಾಡುವ ಕಾಯಿಲೆ) ಇರುವ ಹೆಂಗಸು ಸ್ನಾನ ಮುಗಿಸಿ ಬರುವಾಗ ಒಂದು ಕಣ್ಣು ಮಂಜು, ಕಾಲು ಸೋತ ಹಾಗೆ. ಮೈ ತಣ್ಣಗಾದ ಮೇಲೆ ಎಲ್ಲ ಮೊದಲಿನಂತೆ. ಇದು ಊಟ್‌ಹಾಫ್ ಲಕ್ಷಣ; ಆ ಹೆಸರಿನ ಜರ್ಮನ್ ಕಣ್ಣಿನ ವೈದ್ಯರು 1890ರಲ್ಲೇ ವಿವರಿಸಿದ್ದು. ಮೈ ಬಿಸಿಯಾದರೆ, ಸಂದೇಶ ಮುಂದೆ ಸಾಗಿಸುವ ಬಾಗಿಲುಗಳಾದ ಸೋಡಿಯಂ ಚಾನೆಲ್‌ಗಳು ಬೇಗ ಮುಚ್ಚಿಕೊಳ್ಳುತ್ತವೆ. ಮೈಲಿನ್ ಕಿತ್ತುಹೋದ ಜಾಗದಲ್ಲಿ ಕರೆಂಟ್ ಮೊದಲೇ ಸೋರುತ್ತಿರುತ್ತದೆ, ಈಗ ಸಂದೇಶ ಅಲ್ಲೇ ನಿಲ್ಲುತ್ತದೆ. ಮನೆಯವರು ‘ನಾಟಕ ಮಾಡ್ತಾಳೆ’ ಅಂದರೆ ದಯವಿಟ್ಟು ಕೂರಿಸಿ ಇದನ್ನು ಬಿಡಿಸಿ ಹೇಳಿ. ಇದು ಹೊಸ ಅಟ್ಯಾಕ್ ಅಲ್ಲ, ಹಳೆಯ ಗಾಯವೇ. ಆಕ್ಸಾನ್ ಇನ್ನೂ ಇದೆ, ಅದಕ್ಕೇ ದೃಷ್ಟಿ ವಾಪಸ್ ಬಂತು.

ಆಕ್ಸಾನೇ ತುಂಡಾದರೆ ಹಾಗೆ ವಾಪಸ್ ಬರುವುದಿಲ್ಲ. ಎಂಎಸ್ ಗಾಯಗಳಲ್ಲಿ ಕಡಿದುಹೋದ ಆಕ್ಸಾನ್‌ಗಳು ಧಾರಾಳವಾಗಿ ಇರುತ್ತವೆ ಎಂದು 1998ರಲ್ಲಿ ತೋರಿಸಿದರು. ವರ್ಷ ಕಳೆದಂತೆ ನಡಿಗೆ ಕುಂಟುವುದಕ್ಕೆ ಮುಖ್ಯ ಕಾರಣ ಇದೇ. ಎಎಲ್‌ಎಸ್‌ನಲ್ಲಿ (ಸ್ನಾಯುಗಳು ಸೋಲುತ್ತಾ ಹೋಗುವ ಕಾಯಿಲೆ) ಪೆಟ್ಟು ಬೀಳುವುದು ನೇರವಾಗಿ ಚಲನೆಯ ನರಕೋಶಕ್ಕೆ. ಎಳೆ ಸ್ನಾಯುವಿನ ತುದಿಯಿಂದ ಹಿಂದಕ್ಕೆ ಒಣಗುತ್ತಾ ಬರುತ್ತದೆ. ಆಲ್ಝೈಮರ್‌ನಲ್ಲೂ ಮಿದುಳಿನ ಬಿಳಿಭಾಗ, ಅಂದರೆ ಮೈಲಿನ್ ಸುತ್ತಿದ ಎಳೆಗಳಿರುವ ಜಾಗ, ಸವೆಯುತ್ತದೆ.

ಇನ್ನೊಂದು. ಬಿ12 ಕೊರತೆಯಲ್ಲೂ ಬೆನ್ನುಹುರಿಯ ಮೈಲಿನ್ ಹೋಗುತ್ತದೆ. ಪಾದ ಜುಮ್ಮೆನ್ನುವುದು, ಕಣ್ಣು ಮುಚ್ಚಿ ನಿಂತರೆ ತೂರಾಡುವುದು ಕಂಡರೆ ಬಿ12 ನೋಡಿಸಿ. ಬೇಗ ಇಂಜೆಕ್ಷನ್ ಕೊಟ್ಟರೆ ಚೇತರಿಕೆ ಜಾಸ್ತಿ. ತಡವಾದರೆ ಆಕ್ಸಾನೂ ಹೋಗುತ್ತದೆ.