ಹತ್ತಡಿ ದೂರದ ಕಂಪ್ಯೂಟರ್

ಹಳೆಯ ಕಂಪ್ಯೂಟರಿಗೆ ಎಚ್‌ಡಿಎಂಐ ಕೇಬಲ್ ಸಿಕ್ಕಿಸಿ, ಟೀವಿಗೆ ಜೋಡಿಸಿ, ಸೋಫಾದಲ್ಲಿ ಕೂತ ಮೇಲೆ ಮೊದಲು ಗೊತ್ತಾಗುವುದು ಏನೂ ಓದಲಾಗುತ್ತಿಲ್ಲ ಎಂಬುದು. ಎರಡಡಿ ದೂರಕ್ಕೆಂದು ಮಾಡಿದ ಅಕ್ಷರ ಹತ್ತಡಿ ಆಚೆಯಿಂದ ಇರುವೆ ಸಾಲಿನಂತೆ ಕಾಣುತ್ತದೆ. ಮೌಸ್ ಆಡಿಸಲು ತೊಡೆಯೇ ಗತಿ. ಸಾಲದ್ದಕ್ಕೆ ಟಾಸ್ಕ್‌ಬಾರ್ ಅರ್ಧ ಕತ್ತರಿಸಿಹೋಗಿರುತ್ತದೆ. ಇದು ಕಂಪ್ಯೂಟರಿನ ತಪ್ಪಲ್ಲ. ಪಿಕ್ಚರ್ ಟ್ಯೂಬಿನ ಕಾಲದಲ್ಲಿ ಚಿತ್ರದ ಅಂಚು ಸರಿಯಾಗಿ ಮೂಡುತ್ತಿರಲಿಲ್ಲ. ಹಾಗಾಗಿ ಟೀವಿಗಳು ಚಿತ್ರವನ್ನು ತುಸು ಹಿಗ್ಗಿಸಿ ಅಂಚನ್ನು ಚೌಕಟ್ಟಿನ ಹಿಂದೆ ಅಡಗಿಸುತ್ತಿದ್ದವು. ಟ್ಯೂಬ್ ಹೋಯಿತು, ಓವರ್‌ಸ್ಕ್ಯಾನ್ ಎಂಬ ಈ ಚಾಳಿ ಮಾತ್ರ ಹಲವು ಟೀವಿಗಳಲ್ಲಿ ಉಳಿದುಬಿಟ್ಟಿತು. ಅದನ್ನು ಟೀವಿಯ ಮೆನುವಿನಲ್ಲೇ ಹುಡುಕಿ ಆಫ್ ಮಾಡಬೇಕು.

ಈ ಹತ್ತಡಿಯ ಸಮಸ್ಯೆ ದೊಡ್ಡ ಕಂಪನಿಗಳಿಗೂ ಗೊತ್ತಿತ್ತು. ಮೈಕ್ರೋಸಾಫ್ಟ್ 2002ರಲ್ಲಿ ವಿಂಡೋಸ್ ಎಕ್ಸ್‌ಪಿಯ ಮೀಡಿಯಾ ಸೆಂಟರ್ ಆವೃತ್ತಿ ತಂದಿತು: ದಪ್ಪ ಅಕ್ಷರ, ಕೆಲವೇ ಆಯ್ಕೆ, ಹಸಿರು ಗುಂಡಿಯ ರಿಮೋಟ್. 2015ರ ವಿಂಡೋಸ್ 10ರಲ್ಲಿ ಅದಕ್ಕೆ ಜಾಗವಿರಲಿಲ್ಲ. ಆಪಲ್ 2005ರಲ್ಲಿ ತಂದ ಫ್ರಂಟ್ ರೋ ಕೂಡ 2011ರಲ್ಲಿ ಮಾಯವಾಯಿತು. ಉಳಿದದ್ದು ಹವ್ಯಾಸಿಗಳ ಕೂಸು. ಎಕ್ಸ್‌ಬಾಕ್ಸ್ ಎಂಬ ಆಟದ ಪೆಟ್ಟಿಗೆಯಲ್ಲಿ ಸಿನಿಮಾ ನೋಡಲೆಂದು ಅವರು ಬರೆದ ಸಾಫ್ಟ್‌ವೇರ್ ಎಕ್ಸ್‌ಬಿಎಂಸಿ ಎಂಬ ಹೆಸರಲ್ಲಿ ಬೆಳೆದು, 2014ರಲ್ಲಿ ಕೋಡಿ ಆಯಿತು. ಅದನ್ನು ವಿಂಡೋಸ್, ಮ್ಯಾಕ್, ಲಿನಕ್ಸ್ ಯಾವುದರ ಮೇಲಾದರೂ ಹಾಕಿಕೊಳ್ಳಬಹುದು. ಕೋಡಿ ನಡೆಸುವುದೊಂದನ್ನು ಬಿಟ್ಟು ಹೆಚ್ಚೇನೂ ಮಾಡದ ಲಿಬ್ರೆಎಲೆಕ್ ಎಂಬ ಪುಟ್ಟ ಲಿನಕ್ಸ್ ಕೂಡ ಇದೆ. ನನ್ನ ಮಟ್ಟಿಗೆ ಅದೇ ವಾಸಿ: ಸಿನಿಮಾ ಮಧ್ಯೆ ಅಪ್‌ಡೇಟ್ ಮಾಡಲೇ ಎಂದು ಪರದೆ ತುಂಬ ಕೇಳುವುದಿಲ್ಲ.

ಹಳೆಯ ಯಂತ್ರಕ್ಕೆ ಇಷ್ಟೆಲ್ಲ ತಾಕತ್ತು ಇರುತ್ತದೆಯೇ? ಲೆಕ್ಕ ಹಾಕಿ. 1920×1080ರ ಒಂದು ಚಿತ್ರದಲ್ಲಿ ಸುಮಾರು 20 ಲಕ್ಷ ಚುಕ್ಕೆಗಳು. ಚುಕ್ಕೆಗೆ ಮೂರು ಬೈಟ್. ಸೆಕೆಂಡಿಗೆ 24 ಚಿತ್ರ. ಎರಡು ಗಂಟೆಯ ಸಿನಿಮಾಗೆ ಒಂದು ಟೆರಾಬೈಟ್ ದಾಟುತ್ತದೆ. ಫೈಲು ಕೆಲವೇ ಗಿಗಾಬೈಟಿನಲ್ಲಿ ಮುಗಿಯುವುದಕ್ಕೆ ಕಾರಣ, ಬಹುಪಾಲು ಚಿತ್ರಗಳ ಬದಲು ಹಿಂದುಮುಂದಿನ ಚಿತ್ರಗಳಿಗಿಂತ ಬೇರೆಯಾದ ಅಂಶವನ್ನಷ್ಟೇ ಬರೆದಿಡುವುದು. ಆ ಗಂಟು ಬಿಚ್ಚಲು ಗ್ರಾಫಿಕ್ಸ್ ಚಿಪ್ಪಿನಲ್ಲಿ ಪ್ರತ್ಯೇಕ ಸರ್ಕ್ಯೂಟ್ ಇರುತ್ತದೆ. ಆದರೆ ಚಿಪ್ಪಿಗೆ ತಾನು ಹುಟ್ಟಿದ ಕಾಲದ ಗಂಟುಗಳಷ್ಟೇ ಗೊತ್ತು. 2018ರಲ್ಲಿ ಬಂದ ಎವಿ1 ಮಾದರಿಯ ವಿಡಿಯೊವನ್ನು ಅದಕ್ಕಿಂತ ಹಳೆಯ ಯಂತ್ರಕ್ಕೆ ಕೊಟ್ಟರೆ ಮುಖ್ಯ ಪ್ರೊಸೆಸರೇ ಹೆಣಗಬೇಕು. ಫ್ಯಾನ್ ಬೊಬ್ಬೆ ಹೊಡೆಯುವುದು ಆಗಲೇ.

ರಿಮೋಟಿನದು ಸಣ್ಣ ಕಿರಿಕಿರಿ. ಎಚ್‌ಡಿಎಂಐ ಕೇಬಲ್ಲಿನ ಒಂದು ತಂತಿ ಟೀವಿ ರಿಮೋಟಿನ ಆಜ್ಞೆ ಸಾಗಿಸಲೆಂದೇ ಇದೆ. ಅದರ ಹೆಸರು ಸಿಇಸಿ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಅದನ್ನು ಕೇಳಿಸಿಕೊಳ್ಳುತ್ತದೆ, ಸಾಮಾನ್ಯ ಪಿಸಿಯ ಗ್ರಾಫಿಕ್ಸ್ ಕಾರ್ಡುಗಳು ಹೆಚ್ಚಾಗಿ ಕಿವುಡು. ಯುಎಸ್‌ಬಿಗೆ ಒಂದು ಇನ್ಫ್ರಾರೆಡ್ ರಿಸೀವರ್ ಚುಚ್ಚಿದರೆ ಕೆಲಸ ನಡೆಯುತ್ತದೆ.

ನನ್ನನ್ನು ಬಹಳ ಕಾಡಿದ್ದು ಬೇರೆಯದು. ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ಸರಿಯುವ ದೃಶ್ಯದಲ್ಲಿ ಚಿತ್ರ ಕುಂಟುತ್ತಿತ್ತು. ಕೇಬಲ್ ಬದಲಾಯಿಸಿದೆ, ಡ್ರೈವರ್ ಬದಲಾಯಿಸಿದೆ, ಏನೂ ಆಗಲಿಲ್ಲ. ಇದು ಬರೀ ಭಾಗಾಕಾರದ ತಕರಾರು. ಸಿನಿಮಾ ಸೆಕೆಂಡಿಗೆ 24 ಚಿತ್ರ, ಕಂಪ್ಯೂಟರ್ ಪರದೆಗೆ ಕಳಿಸುವುದು 60 ಸಲ. 60ನ್ನು 24ರಿಂದ ಭಾಗಿಸಿದರೆ ಎರಡೂವರೆ. ಅರ್ಧ ಸಲ ತೋರಿಸಲು ಆಗುವುದಿಲ್ಲವಲ್ಲ. ಹಾಗಾಗಿ ಒಂದು ಚಿತ್ರ ಎರಡು ಸಲ, ಮುಂದಿನದು ಮೂರು ಸಲ. ಒಂದು 33 ಮಿಲಿಸೆಕೆಂಡ್ ನಿಂತರೆ ಇನ್ನೊಂದು 50. ಮಾತುಕತೆಯ ದೃಶ್ಯದಲ್ಲಿ ಕಣ್ಣು ಇದನ್ನು ಕ್ಷಮಿಸುತ್ತದೆ, ಸಾಗುವ ರೈಲಿನಲ್ಲಿ ಕ್ಷಮಿಸುವುದಿಲ್ಲ. ಕೋಡಿಯ ಸೆಟ್ಟಿಂಗ್ಸಿನಲ್ಲಿ ಪರದೆಯ ರಿಫ್ರೆಶ್ ರೇಟನ್ನು ವಿಡಿಯೊಗೆ ಹೊಂದಿಸುವ ಆಯ್ಕೆಯಿದೆ. ಟೀವಿ 24 ಹರ್ಟ್ಸ್, ಅಂದರೆ ಸೆಕೆಂಡಿಗೆ 24 ಸಲ, ಒಪ್ಪುವುದಾದರೆ ಅಷ್ಟು ಸಾಕು. ಈಗ ಸಿನಿಮಾ ಶುರುವಾಗುವ ಮುನ್ನ ಟೀವಿ ಎರಡು ಕ್ಷಣ ಪೂರ್ತಿ ಕಪ್ಪಾಗುತ್ತದೆ. ಪ್ರತಿ ಸಲವೂ ಮನೆಯಲ್ಲಿ ಯಾರಾದರೊಬ್ಬರು "ಕೆಟ್ಟೋಯ್ತಾ?" ಎನ್ನುತ್ತಾರೆ. ನಾನು ಬಾಯಿ ತೆರೆಯುವಷ್ಟರಲ್ಲಿ ಚಿತ್ರ ಬಂದಿರುತ್ತದೆ.